ಬೋರ್ತೆ: ಎರಡು ಬಗೆಯ ಮದುವೆ ಕಂಡ ಮಹಾರಾಣಿ

ಚೆಂಗೀಸ್ ಖಾನ್ ಅಂದ ಕೂಡಲೇ ನಮಗೆ ನೆನಪಾಗೋದು ಕುದುರೆ, ಬಿಲ್ಲು, ಯುದ್ಧ. ಆದರೆ ಅವನು ಇನ್ನೂ ಬರೀ ತೆಮುಜಿನ್ ಆಗಿದ್ದಾಗ, ಅವನ ಬೆನ್ನಿಗೆ ಮೊದಲ ದೊಡ್ಡ ಸೈನ್ಯ ನಿಂತದ್ದು ಒಂದು ಮದುವೆಯ ಉಡುಗೊರೆಯಿಂದ ಅಂದ್ರೆ ನಂಬ್ತೀರಾ? ಆ ಉಡುಗೊರೆ ಬಂದದ್ದು ಅವನ ಹೆಂಡತಿ ಬೋರ್ತೆಯ ತವರಿನಿಂದ. ಇವಳ ಕತೆಯನ್ನು 13ನೇ ಶತಮಾನದಲ್ಲಿ ಮಂಗೋಲರೇ ಬರೆದಿಟ್ಟ 'ಮಂಗೋಲರ ರಹಸ್ಯ ಇತಿಹಾಸ' ಎಂಬ ಗ್ರಂಥ ಹೇಳುತ್ತದೆ. ಇವಳ ಬದುಕು ಗೊತ್ತಾದರೆ ಆ ಕಾಲದ ಮಂಗೋಲರ ಮದುವೆ ಪದ್ಧತಿಯೂ ಗೊತ್ತಾದ ಹಾಗೆ.

12ನೇ ಶತಮಾನದ ಮಂಗೋಲಿಯಾ ಅಂದರೆ ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು. ಜನ ಗೆರ್ ಎಂಬ ದುಂಡನೆಯ ಡೇರೆಗಳಲ್ಲಿ ಇರುತ್ತಿದ್ದರು, ಕುರಿ, ಕುದುರೆ ಮೇಯಿಸುತ್ತಾ ಊರೂರು ಅಲೆಯುತ್ತಿದ್ದರು. ಒಂದೇ ಕುಲದೊಳಗೆ ಮದುವೆ ಆಗುವಂತಿರಲಿಲ್ಲ. ಹಾಗಾಗಿ ಹೆಣ್ಣನ್ನು ದೂರದ ಕುಲದಿಂದಲೇ ತರಬೇಕು. ಅದಕ್ಕೆ ಇದ್ದದ್ದು ಎರಡು ದಾರಿ: ಕೇಳಿ ತರುವುದು, ಇಲ್ಲವೇ ಕದ್ದು ತರುವುದು. ಕೇಳಿ ತರಬೇಕಾದರೆ ಹೆಣ್ಣಿನ ಮನೆಯವರಿಗೆ ಕಾಣಿಕೆ ಕೊಡಬೇಕು, ಹುಡುಗ ಕೆಲಕಾಲ ಮಾವನ ಮನೆಯಲ್ಲೇ ಇರಬೇಕು. ಕದ್ದು ತರೋದಕ್ಕೆ ಇದ್ಯಾವುದೂ ಬೇಕಿರಲಿಲ್ಲ. ತೆಮುಜಿನ್‌ನ ಅಪ್ಪ ಯೆಸುಗೈ ಮಾಡಿದ್ದು ಎರಡನೆಯದನ್ನು. ಮೆರ್ಕಿತ್ ಕುಲದ ಚಿಲೆದು ಎಂಬವನು ತನ್ನ ಹೊಸ ಹೆಂಡತಿ ಹೋಎಲುನ್‌ಳನ್ನು ಮನೆಗೆ ಕರೆದುಕೊಂಡು ಹೋಗುತ್ತಿದ್ದಾಗ, ದಾರಿಯಲ್ಲೇ ಅಡ್ಡ ಹಾಕಿ ಅವಳನ್ನು ಎತ್ತಿಕೊಂಡು ಬಂದ. ಆ ಹೋಎಲುನ್‌ಳೇ ತೆಮುಜಿನ್‌ನ ತಾಯಿ.

ಆದರೆ ಮಗನಿಗೆ ಮಾತ್ರ ಯೆಸುಗೈ ಕ್ರಮವಾಗಿಯೇ ಹೆಣ್ಣು ಹುಡುಕಿದ. ತೆಮುಜಿನ್‌ಗೆ ಆಗ ಒಂಬತ್ತು ವರ್ಷ. ಹೋಎಲುನ್‌ಳ ತವರಿನ ಕಡೆ ಹೊರಟ ಅಪ್ಪ ಮಗನಿಗೆ ದಾರಿಯಲ್ಲಿ ಒಂಗಿರಾತ್ ಕುಲದ ದೈ ಸೆಚೆನ್ ಸಿಕ್ಕಿದ. ಬಿಳಿ ಗಿಡುಗವೊಂದು ಸೂರ್ಯ ಚಂದ್ರರನ್ನು ಹಿಡಿದು ತಂದು ತನ್ನ ಕೈ ಮೇಲೆ ಕೂತ ಹಾಗೆ ಹಿಂದಿನ ರಾತ್ರಿ ಕನಸು ಕಂಡಿದ್ದನಂತೆ ಆತ. ಅವನ ಮಗಳು ಬೋರ್ತೆಗೆ ಹತ್ತು ವರ್ಷ, ಹುಡುಗನಿಗಿಂತ ಒಂದು ವರ್ಷ ದೊಡ್ಡವಳು. ಹೆಣ್ಣು ಕೊಡುವವರು ತಕ್ಷಣ ಒಪ್ಪಬಾರದು, ನಾಲ್ಕಾರು ಸಲ ಕೇಳಿಸಿಕೊಂಡರೇ ಗೌರವ ಅನ್ನೋದು ಅಲ್ಲಿಯ ರೂಢಿ. ಆದರೂ ಹೆಣ್ಣುಮಗಳು ಹುಟ್ಟಿದ ಮನೆಯಲ್ಲೇ ಮುದುಕಿಯಾಗಬಾರದಲ್ವಾ ಅಂತ ದೈ ಸೆಚೆನ್ ಬೇಗನೇ ಒಪ್ಪಿಬಿಟ್ಟ. ಯೆಸುಗೈ ತನ್ನ ಹತ್ತಿರವಿದ್ದ ಇನ್ನೊಂದು ಕುದುರೆಯನ್ನು ಕಾಣಿಕೆಯಾಗಿ ಕೊಟ್ಟು, ಮಗನನ್ನು ಅಲ್ಲೇ ಅಳಿಯನಾಗಿ ಬಿಟ್ಟ. ಹುಡುಗನಿಗೆ ನಾಯಿ ಅಂದ್ರೆ ಭಯ, ಸ್ವಲ್ಪ ನೋಡ್ಕೊಳ್ಳಿ ಅಂತ ಬೀಗರಿಗೆ ಹೇಳಿ ಹೊರಟ. ಮುಂದೆ ಅರ್ಧ ಜಗತ್ತನ್ನೇ ನಡುಗಿಸಿದವನ ಬಾಲ್ಯ ಇದು!

ವಾಪಸ್ ಹೋಗುವಾಗ ತಾತಾರರು ಯೆಸುಗೈಗೆ ವಿಷ ಹಾಕಿದರು. ತೆಮುಜಿನ್ ಮನೆಗೆ ಮರಳಬೇಕಾಯಿತು. ಕುಲದವರು ಅವನ ತಾಯಿ, ತಮ್ಮಂದಿರನ್ನು ಕೈಬಿಟ್ಟು ಹೋದರು. ವರ್ಷಗಳು ಕಳೆದ ಮೇಲೆ ಅವನು ಬರಿಗೈಯಲ್ಲಿ ಹೆಣ್ಣು ಕೇಳಲು ಬಂದಾಗ ದೈ ಸೆಚೆನ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ಮಗಳನ್ನು ಕಳಿಸಲು ತಾನೂ ಸ್ವಲ್ಪ ದೂರ ಬಂದು ಹಿಂತಿರುಗಿದ. ತಾಯಿ ಚೋತಾನ್ ಮಾತ್ರ ಗಂಡಿನ ಮನೆಯವರೆಗೂ ಬಂದಳು. ಅತ್ತೆಗೆ ಕೊಡುವ ಉಡುಗೊರೆ ಅಂತ ಅವಳು ತಂದದ್ದು ಸೇಬಲ್ ಎಂಬ ಪುಟ್ಟ ಪ್ರಾಣಿಯ ಕಪ್ಪು ತುಪ್ಪಳದ ಕೋಟು. ಭಾರೀ ಬೆಲೆಯದು. ತೆಮುಜಿನ್ ಅದನ್ನು ಕೆರೈತರ ದೊರೆ ತೊಗ್ರುಲ್‌ಗೆ ಒಪ್ಪಿಸಿದ. ತೊಗ್ರುಲ್ ಅವನ ಅಪ್ಪನ ಆಣೆಯ ಗೆಳೆಯ, ಅಂದರೆ ತಂದೆಗೆ ಸಮಾನ. ಚದುರಿದ ಜನರನ್ನು ಒಟ್ಟುಗೂಡಿಸಿ ಕೊಡ್ತೀನಿ ಅಂತ ದೊರೆ ಮಾತು ಕೊಟ್ಟ.

ಆ ಮಾತಿನ ಅಗತ್ಯ ಬೇಗನೇ ಬಂತು. ಹೋಎಲುನ್‌ಳನ್ನು ಕಳೆದುಕೊಂಡಿದ್ದ ಮೆರ್ಕಿತರು ಸೇಡು ತೀರಿಸಿಕೊಳ್ಳಲು ಒಂದು ಮುಂಜಾನೆ ದಾಳಿ ಮಾಡಿದರು. ಎಲ್ಲರೂ ಕುದುರೆ ಏರಿದರು, ಬೋರ್ತೆಗೆ ಕುದುರೆ ಉಳಿಯಲಿಲ್ಲ. ಮನೆಯ ಮುದುಕಿಯೊಬ್ಬಳು ಅವಳನ್ನು ಮುಚ್ಚಿದ ಎತ್ತಿನ ಗಾಡಿಯಲ್ಲಿ ಕೂರಿಸಿ, ಒಳಗೆ ಇರೋದು ಉಣ್ಣೆ ಅಂತ ನಂಬಿಸಲು ನೋಡಿದಳು. ಅವಸರದಲ್ಲಿ ಓಡಿಸುವಾಗ ಗಾಡಿಯ ಅಚ್ಚು ಮುರಿಯಿತು. ಬೋರ್ತೆ ಸಿಕ್ಕಿಬಿದ್ದಳು. ಅವಳನ್ನು ಚಿಲೆದುವಿನ ತಮ್ಮ ಚಿಲ್ಗೆರ್‌ಗೆ ಕೊಟ್ಟರು. ಮಾವ ಮಾಡಿದ ಕಳ್ಳತನದ ಲೆಕ್ಕವನ್ನು ಸೊಸೆ ತೀರಿಸಬೇಕಾಯಿತು. ಈ ಎರಡು ಅಪಹರಣಗಳಲ್ಲಿ ಹೋಎಲುನ್‌ಳನ್ನಾಗಲಿ ಬೋರ್ತೆಯನ್ನಾಗಲಿ ಕೇಳಿದವರು ಯಾರೂ ಇಲ್ಲ.

ತೊಗ್ರುಲ್ ಮಾತು ಉಳಿಸಿಕೊಂಡ. ತೆಮುಜಿನ್‌ನ ಗೆಳೆಯ ಜಮೂಖ ಕೂಡ ಸೈನ್ಯ ತಂದ. ರಾತ್ರಿ ನಡೆದ ದಾಳಿಯಲ್ಲಿ ಎಲ್ಲರೂ ದಿಕ್ಕಾಪಾಲಾಗಿ ಓಡುತ್ತಿದ್ದಾಗ, ತೆಮುಜಿನ್ ಹೆಂಡತಿಯ ಹೆಸರು ಕೂಗುತ್ತಾ ಹೋದ. ಬೋರ್ತೆ ಗಾಡಿಯಿಂದ ಇಳಿದು ಓಡಿ ಬಂದು ಅವನ ಕುದುರೆಯ ಲಗಾಮು ಹಿಡಿದಳು. ಬೆಳದಿಂಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದರು.

ಹಿಂತಿರುಗಿದ ಸ್ವಲ್ಪ ಕಾಲಕ್ಕೇ ಹಿರಿಮಗ ಜೋಚಿ ಹುಟ್ಟಿದ. ಅವನ ತಂದೆ ಯಾರು ಅನ್ನೋ ಪಿಸುಮಾತು ಕೊನೆಗೂ ನಿಲ್ಲಲಿಲ್ಲ. ತೆಮುಜಿನ್ ಮಾತ್ರ ಅವನನ್ನು ತನ್ನ ಮಗನೆಂದೇ ಬೆಳೆಸಿದ. ಮುಂದೆ ಚಗತಾಯ್, ಒಗೆದೈ, ತೊಲುಯಿ ಹುಟ್ಟಿದರು. ಬೋರ್ತೆ ಬರೀ ಮಕ್ಕಳ ತಾಯಿಯಾಗಿ ಉಳಿಯಲಿಲ್ಲ. ಜಮೂಖನ ಮಾತಿನಲ್ಲಿ ಏನೋ ಮರ್ಮ ಇದೆ, ಈಗಲೇ ಅವನಿಂದ ಬೇರೆಯಾಗೋಣ ಅಂತ ಎಚ್ಚರಿಸಿದವಳು ಅವಳೇ. ಅವತ್ತು ರಾತ್ರಿಯೇ ತೆಮುಜಿನ್ ತನ್ನ ಜನರೊಂದಿಗೆ ಹೊರಟುಬಿಟ್ಟ. 1206ರಲ್ಲಿ ಅವನು ಚೆಂಗೀಸ್ ಖಾನ್ ಆದ. ಆಮೇಲೆ ಬೇರೆ ರಾಣಿಯರು ಬಂದರೂ ಪಟ್ಟದರಾಣಿ ಬೋರ್ತೆಯೇ, ಪಟ್ಟಕ್ಕೆ ಹಕ್ಕುದಾರರು ಅವಳ ಮಕ್ಕಳೇ.

ಆದರೆ ಹಳೆಯ ಗಾಯ ಮತ್ತೆ ಬಾಯಿಬಿಟ್ಟಿತು. 1219ರಲ್ಲಿ ಪಶ್ಚಿಮದ ದಂಡಯಾತ್ರೆಗೆ ಮುಂಚೆ ಉತ್ತರಾಧಿಕಾರಿ ಯಾರು ಎಂಬ ಮಾತು ಬಂದಾಗ, ಜೋಚಿ ಮೆರ್ಕಿತರವನು ಅಂತ ಚಗತಾಯ್ ಅಪ್ಪನ ಎದುರಿಗೇ ಅಂದುಬಿಟ್ಟ. ಅಣ್ಣ ತಮ್ಮ ಕೊರಳಪಟ್ಟಿ ಹಿಡಿದರು. ಸಭೆಯಲ್ಲಿದ್ದ ಹಿರಿಯನೊಬ್ಬ ಅವರ ತಾಯಿ ಪಟ್ಟ ಕಷ್ಟವನ್ನೆಲ್ಲ ನೆನಪಿಸಿ ಚಗತಾಯ್‌ನನ್ನು ಗದರಿಸಿದ. ಕೊನೆಗೆ ಪಟ್ಟ ಇಬ್ಬರಿಗೂ ಸಿಗದೆ ಒಗೆದೈ ಪಾಲಾಯಿತು.

ಕದ್ದು ತಂದ ಸಂಬಂಧ ಎರಡು ತಲೆಮಾರಿನವರೆಗೆ ಸೇಡು, ಸಂಶಯ, ಜಗಳವನ್ನೇ ಕೊಟ್ಟಿತು. ಕೇಳಿ ತಂದ ಸಂಬಂಧವೋ? ಒಂಗಿರಾತ್ ಕುಲ ರಾಜಮನೆತನಕ್ಕೆ ಹೆಣ್ಣು ಕೊಡುವ, ಅಲ್ಲಿಂದ ಹೆಣ್ಣು ತರುವ ಕುಲವಾಗಿ ಉಳಿಯಿತು. ಬೋರ್ತೆಯ ಮೊಮ್ಮಗ ಕುಬ್ಲಾಯ್ ಖಾನ್ ಚೀನಾವನ್ನು ಆಳುವಾಗ ಅವನ ಪಕ್ಕದಲ್ಲಿ ಕೂತ ಪಟ್ಟದರಾಣಿ ಚಾಬಿ ಕೂಡ ಒಂಗಿರಾತರ ಮಗಳು. ಆ ನೆಂಟಸ್ತನ ಶುರುವಾದದ್ದು ಒಂದೇ ಒಂದು ಕುದುರೆ ಕಾಣಿಕೆಯಿಂದ, ನಾಯಿಗೆ ಹೆದರುತ್ತಿದ್ದ ಒಬ್ಬ ಹುಡುಗನಿಂದ.