ರಜೆಯಲ್ಲಿ ಗಣಕಯಂತ್ರಕ್ಕೆ ಆಟ ಕಲಿಸಿದ ಮೇಷ್ಟ್ರು

ಮಕ್ಕಳೇ, ಕಂಪ್ಯೂಟರಿನಲ್ಲಿ ಆಟವಾಡುವಾಗ ಹೀಗಾದದ್ದುಂಟೇ? ಮೌಸನ್ನು ಎಷ್ಟು ಸರಿಸಿದರೂ ತೆರೆಯ ಮೇಲಿನ ಬಾಣದ ಗುರುತು ನಿಂತಲ್ಲೇ ನಿಂತಿದೆ. ಕಾಯಿ ಮುಂದಿನ ಮನೆಗೆ ಹೋದರೂ ಅದರ ಚಿತ್ರ ಹಿಂದಿನ ಮನೆಯಲ್ಲೇ ಉಳಿದಿದೆ. ಯಂತ್ರ ಕೆಟ್ಟಿತೆಂದು ನೀವು ಎದ್ದುಬಿಡುತ್ತೀರಿ. ಆದರೆ ಎಷ್ಟೋ ಸಲ ಕೆಟ್ಟಿರುವುದು ಯಂತ್ರವಲ್ಲ. ಅದಕ್ಕೆ ಬರೆದುಕೊಟ್ಟ ಆದೇಶಗಳಲ್ಲಿ ಎಲ್ಲೋ ಒಂದು ತಪ್ಪು ಉಳಿದಿರುತ್ತದೆ. ಆ ಆದೇಶಗಳ ಸಾಲಿಗೆ ಪ್ರೋಗ್ರಾಂ ಎಂದೂ ಅದರೊಳಗಿನ ತಪ್ಪಿಗೆ ‘ಬಗ್’, ಅಂದರೆ ಹುಳು, ಎಂದೂ ಹೆಸರು. ಅಮೆರಿಕದಲ್ಲಿ ಮೊದಲ ಮೌಸ್ ತಯಾರಾದದ್ದು 1964ರಲ್ಲಿ. ಅದಕ್ಕೂ ಹನ್ನೆರಡು ವರ್ಷ ಮೊದಲೇ ಇಂಥ ಹುಳುಗಳನ್ನು ಹುಡುಕಿ ತೆಗೆದು, ಗಣಕಯಂತ್ರಕ್ಕೆ ಆಟ ಕಲಿಸಿದ ಒಬ್ಬ ಶಾಲಾ ಮೇಷ್ಟ್ರ ಕಥೆ ಇದು.

ಅವರ ಹೆಸರು ಕ್ರಿಸ್ಟೋಫರ್ ಸ್ಟ್ರೇಚಿ. ಹುಟ್ಟಿದ್ದು 1916ರ ನವೆಂಬರ್ 16ರಂದು, ಲಂಡನ್ನಿನಲ್ಲಿ. ಕೇಂಬ್ರಿಜ್‌ನಲ್ಲಿ ಓದುವಾಗ ಮನಸ್ಸಿನ ಕಾಯಿಲೆಯಿಂದ ಬಳಲಿದರು. ಅಂಕಗಳು ಚೆನ್ನಾಗಿ ಬರಲಿಲ್ಲ. ಸಂಶೋಧನೆ ಮಾಡುವ ಆಸೆ ಆಸೆಯಾಗಿಯೇ ಉಳಿಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1945ರಲ್ಲಿ, ಶಾಲೆಯಲ್ಲಿ ಭೌತವಿಜ್ಞಾನ ಮತ್ತು ಗಣಿತ ಕಲಿಸುವ ಮೇಷ್ಟ್ರಾದರು.

ಆಗ ಇಡೀ ಬ್ರಿಟನ್ನಿನಲ್ಲಿ ಗಣಕಯಂತ್ರಗಳು ಬೆರಳೆಣಿಕೆಯಷ್ಟು. 1951ರ ಜನವರಿಯಲ್ಲಿ, ಶಾಲೆಗೆ ರಜೆ ಇದ್ದಾಗ, ಲಂಡನ್ನಿನ ಬಳಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ‘ಪೈಲಟ್ ಏಸ್’ ಎಂಬ ಯಂತ್ರದ ಪರಿಚಯ ಅವರಿಗಾಯಿತು. ಲೆಕ್ಕ ಮಾಡುವ ಈ ಯಂತ್ರಕ್ಕೆ ಆಟವಾಡಲು ಬರುವುದೇ? ಈ ಪ್ರಶ್ನೆ ಅವರ ತಲೆ ಹೊಕ್ಕಿತು.

ಅವರು ಆರಿಸಿಕೊಂಡದ್ದು ಡ್ರಾಫ್ಟ್ಸ್. 64 ಮನೆಗಳ ಹಲಗೆ, ಒಬ್ಬೊಬ್ಬರಿಗೆ 12 ಕಾಯಿ. ನಮ್ಮ ಹುಲಿ-ಕುರಿ ಆಟದಲ್ಲಿ ಹುಲಿ ಕುರಿಯ ಮೇಲೆ ಹಾರಿ ಅದನ್ನು ತಿನ್ನುವಂತೆ, ಇಲ್ಲಿ ಎದುರಾಳಿಯ ಕಾಯಿಯನ್ನು ಹಾರಿ ಗೆಲ್ಲಬೇಕು. ಮುಂದಿನ ಕೆಲವು ನಡೆಗಳನ್ನು ಯಂತ್ರ ಮೊದಲೇ ಆಡಿ ನೋಡಬೇಕು. ಯಾವ ದಾರಿಯಲ್ಲಿ ಹೋದರೆ ತನ್ನ ಕಾಯಿ ಹೆಚ್ಚು ಉಳಿಯುವುದೆಂದು ಎಣಿಸಿ, ಆಮೇಲೆ ಕಾಯಿ ನಡೆಸಬೇಕು. ಇದನ್ನೆಲ್ಲ ಸ್ಟ್ರೇಚಿ ಚಿಕ್ಕ ಚಿಕ್ಕ ಆದೇಶಗಳಾಗಿ ಬಿಡಿಸಿ ಬರೆದರು.

1951ರ ಜುಲೈ ತಿಂಗಳಲ್ಲಿ ಮೊದಲ ಪರೀಕ್ಷೆ ನಡೆಯಿತು. ಪ್ರೋಗ್ರಾಮಿನ ತಪ್ಪುಗಳಿಂದಾಗಿ ಆಟ ಸಾಗಲಿಲ್ಲ. ತಪ್ಪುಗಳನ್ನು ತಿದ್ದಿಕೊಂಡು ಮರಳಿ ಬಂದರು. ಅಷ್ಟರಲ್ಲಿ ಯಂತ್ರದ ಭಾಗಗಳನ್ನೇ ಬದಲಾಯಿಸಿಬಿಟ್ಟಿದ್ದರು! ತಿದ್ದಿದ ಪ್ರೋಗ್ರಾಮೂ ಓಡಲಿಲ್ಲ. ನೋಡಿದಿರಾ? ಮೊದಲ ಸಲದ ತಪ್ಪು ಬರಹದ್ದು. ಎರಡನೇ ಸಲ ಬರಹ ಸರಿಯಿದ್ದರೂ ಅದು ಬದಲಾದ ಯಂತ್ರಕ್ಕೆ ಒಗ್ಗಲಿಲ್ಲ. ತೊಂದರೆ ಎಲ್ಲಿದೆಯೆಂದು ಮೊದಲು ಬೇರ್ಪಡಿಸಿ ನೋಡಬೇಕು. ಪರೀಕ್ಷೆ ಮಾಡುವವರ ಮೊದಲ ಪಾಠ ಇದೇ.

ಮ್ಯಾಂಚೆಸ್ಟರಿನ ಯಂತ್ರಕ್ಕೆ ಇದಕ್ಕಿಂತ ದೊಡ್ಡ ನೆನಪಿನ ಕೋಶವಿತ್ತು. ಅದರ ಕೈಪಿಡಿ ಬರೆದವರು ಪ್ರಸಿದ್ಧ ಗಣಿತಜ್ಞ ಅಲನ್ ಟ್ಯೂರಿಂಗ್. ಸ್ಟ್ರೇಚಿ ಅವರಿಂದ ಕೈಪಿಡಿ ತರಿಸಿಕೊಂಡರು. ಟ್ಯೂರಿಂಗ್ ಅವರ ಸಲಹೆಯಂತೆ, ಯಂತ್ರ ಇಡುವ ಒಂದೊಂದು ಹೆಜ್ಜೆಯನ್ನೂ ಯಂತ್ರವೇ ಪರಿಶೀಲಿಸುವ ಇನ್ನೊಂದು ಪ್ರೋಗ್ರಾಂ ಬರೆದರು. ಅದರಲ್ಲಿ ಸುಮಾರು ಸಾವಿರ ಆದೇಶಗಳಿದ್ದವು. ಒಂದು ರಾತ್ರಿಯಿಡೀ ಒಬ್ಬರೇ ಯಂತ್ರದ ಮುಂದೆ ಕುಳಿತು ಅದನ್ನು ಪರೀಕ್ಷಿಸಿದರು. ಬೆಳಗಾಗುವಷ್ಟರಲ್ಲಿ ಅದು ಓಡುತ್ತಿತ್ತು! ಕೊನೆಯಲ್ಲಿ ಯಂತ್ರ ಬ್ರಿಟನ್ನಿನ ರಾಷ್ಟ್ರಗೀತೆಯ ಧಾಟಿಯನ್ನೂ ನುಡಿಸಿತು.

1952ರ ಬೇಸಿಗೆಯ ಹೊತ್ತಿಗೆ ಯಂತ್ರ ಇಡೀ ಆಟವನ್ನು ಆಡತೊಡಗಿತು. ತೆರೆಯ ಮೇಲೆ ಬೆಳಕಿನ ಚುಕ್ಕಿಗಳಲ್ಲಿ ಹಲಗೆಯ ಚಿತ್ರ ಮೂಡುತ್ತಿತ್ತು. ಆಡುವವರು ತಪ್ಪು ನಡೆ ಕೊಟ್ಟರೆ ಯಂತ್ರ ಅದನ್ನು ಅಚ್ಚುಮಾಡಿ ತಿಳಿಸುತ್ತಿತ್ತು. ಮತ್ತೆ ಮತ್ತೆ ತಪ್ಪಿದರೆ ಬೈಯುತ್ತಿತ್ತು. ಕೊನೆಗೆ ಆಡಲು ಒಪ್ಪುತ್ತಲೇ ಇರಲಿಲ್ಲ! ಆಡುವವರೂ ತಪ್ಪು ಮಾಡುತ್ತಾರೆಂದು ಮೇಷ್ಟ್ರಿಗೆ ತಿಳಿಯದೇ?

ಅದೇ ವರ್ಷ ಸ್ಟ್ರೇಚಿ ಶಾಲೆ ಬಿಟ್ಟು ಗಣಕದ ಕೆಲಸಕ್ಕೇ ಸೇರಿದರು. ಮುಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರೋಗ್ರಾಮುಗಳ ಸಂಶೋಧನಾ ತಂಡವೊಂದನ್ನು ಕಟ್ಟಿದರು. ನೂರು ಸಲ ಆಡಿಸಿ ನೋಡಿದರೂ ನೂರೊಂದನೆಯ ಸಲ ಹುಳು ಕಾಣಿಸಿಕೊಳ್ಳಬಹುದಲ್ಲವೇ? ಆದ್ದರಿಂದ ಪ್ರೋಗ್ರಾಂ ಏನು ಮಾಡುತ್ತದೆಂಬುದನ್ನು ಗಣಿತದಿಂದಲೇ ಖಚಿತವಾಗಿ ಹೇಳುವ ದಾರಿ ಬೇಕು. ಅಮೆರಿಕದ ಡೇನಾ ಸ್ಕಾಟ್ ಅವರೊಡನೆ ಸೇರಿ ಅಂಥ ದಾರಿಯನ್ನು ಹಾಕಿಕೊಟ್ಟರು. 1975ರ ಮೇ 18ರಂದು, 58ನೆಯ ವಯಸ್ಸಿನಲ್ಲಿ, ಕಾಯಿಲೆಯಿಂದ ತೀರಿಕೊಂಡರು. ಕಡಿಮೆ ಅಂಕ ಬಂದಿತೆಂದು ಅವರ ಕಲಿಕೆ ನಿಂತಿರಲಿಲ್ಲ.

ಮಾಡಿ ನೋಡಿ: ಹುಲಿ-ಕುರಿ ಆಟದಲ್ಲಿ ಹುಲಿ ಹೇಗೆ ನಡೆಯಬೇಕೆಂದು ಚೀಟಿಯಲ್ಲಿ ಸಾಲುಸಾಲಾಗಿ ಬರೆಯಿರಿ. ಗೆಳತಿಯೊಬ್ಬಳು ‘ಯಂತ್ರ’ವಾಗಲಿ. ಚೀಟಿಯಲ್ಲಿ ಇದ್ದಷ್ಟನ್ನೇ ಅವಳು ಮಾಡಬೇಕು, ಸ್ವಂತ ಬುದ್ಧಿ ಬಳಸಬಾರದು. ಅವಳು ಎಲ್ಲಿ ತಡೆದು ನಿಲ್ಲುತ್ತಾಳೋ ಅಲ್ಲಿ ನಿಮ್ಮ ಚೀಟಿಯಲ್ಲೊಂದು ಹುಳುವಿದೆ. ಹುಡುಕಿ, ತಿದ್ದಿ, ಮತ್ತೆ ಆಡಿಸಿ.