ಬೀದರ್ ಮದರಸಾ, ವಿಆರ್ ಫೈಲು ಮತ್ತು ಗುಲಾಮ್ ಯಜ್ದಾನಿ

ನಮ್ಮ ಜಿಲ್ಲೆಯ ಒಂದು ಕಟ್ಟಡವನ್ನ ವಿಆರ್ ಹೆಡ್‌ಸೆಟ್ ಒಳಗೆ ಕಟ್ಟಬೇಕು ಅಂದ್ರೆ ಯಾವುದನ್ನ ಆರಿಸ್ತೀರಿ? ನನ್ನ ಓಟು ಬೀದರಿನ ಮಹಮೂದ್ ಗವಾನ್ ಮದರಸಾಕ್ಕೆ. ಯಾಕಂದ್ರೆ ಅದರ ಒಂದು ಪಾಲು ಈಗ ಇಲ್ಲ. 1472ರಲ್ಲಿ ಎದ್ದ ಮೂರಂತಸ್ತಿನ ವಿದ್ಯಾಲಯ ಅದು. ಔರಂಗಜೇಬನ ಕಾಲದಲ್ಲಿ, 17ನೇ ಶತಮಾನ ಮುಗಿಯುವ ಹೊತ್ತಿಗೆ, ಒಳಗೆ ಇಟ್ಟಿದ್ದ ಮದ್ದು ಸಿಡಿದು ಮುಂಭಾಗದ ದಕ್ಷಿಣದ ಕಡೆ ಹಾರಿಹೋಯ್ತು. ಎರಡು ಮಿನಾರುಗಳಲ್ಲಿ ಒಂದೇ ಉಳಿದಿದೆ. ಹೋದ ಭಾಗವನ್ನ ಕಂಪ್ಯೂಟರಿನಲ್ಲಿ ಮತ್ತೆ ನಿಲ್ಲಿಸಬೇಕಾದ್ರೆ ಉಳಿದ ಭಾಗದ ನಿಖರ ಅಳತೆ ಬೇಕು. ಆ ಅಳತೆ ಹುಡುಕಿಕೊಂಡು ಹೋದವರು ಕೊನೆಗೆ ಬಂದು ನಿಲ್ಲೋದು ಗುಲಾಮ್ ಯಜ್ದಾನಿ ಅನ್ನೋ ಹೆಸರಿನ ಮುಂದೆ.

ಯಜ್ದಾನಿ ಎಂಜಿನಿಯರ್ ಅಲ್ಲ. 1885ರಲ್ಲಿ ದೆಹಲಿಯಲ್ಲಿ ಹುಟ್ಟಿದವರು, ಅರಬ್ಬಿ-ಫಾರ್ಸಿ ಓದಿದವರು. ಹಳೇ ಗೋರಿ, ಮಸೀದಿ, ಕೋಟೆ ಬಾಗಿಲುಗಳ ಮೇಲಿನ ಶಾಸನ ಓದೋದು ಅವರ ಕಸುಬು. ಭಾರತ ಸರ್ಕಾರದ ಪರವಾಗಿ ಅರಬ್ಬಿ-ಫಾರ್ಸಿ ಶಾಸನಗಳ ಪತ್ರಿಕೆಯನ್ನ ಎಷ್ಟೋ ವರ್ಷ ಸಂಪಾದಿಸಿದರು. 1914ರಲ್ಲಿ ಹೈದರಾಬಾದ್ ಸಂಸ್ಥಾನ ಪುರಾತತ್ವ ಇಲಾಖೆ ಶುರು ಮಾಡಿದಾಗ ಅದರ ಹೊಣೆ ಇವರ ಹೆಗಲಿಗೆ ಬಂತು. ಆಗ ಅವರಿಗೆ ಇಪ್ಪತ್ತೊಂಬತ್ತು ವಯಸ್ಸು. ಅಜಂತಾ, ಎಲ್ಲೋರಾ, ವಾರಂಗಲ್, ಗೋಲ್ಕೊಂಡ, ಗುಲಬರ್ಗಾ, ಬೀದರ್ ಎಲ್ಲವೂ ಆ ಸಂಸ್ಥಾನದೊಳಗೇ. ಬಸವಕಲ್ಯಾಣ, ಹುಮನಾಬಾದ್, ನಮ್ಮ ಗೋರ್ಟಾ (ಬಿ) ಕೂಡ ಅಲ್ಲೇ.

ಕೆಲಸಕ್ಕೆ ಸೇರಿದ ಮರುವರ್ಷವೇ ಅದೃಷ್ಟ ಖುಲಾಯಿಸ್ತು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಚಿನ್ನ ಹುಡುಕ್ತಾ ಹೋಗಿ ಬಂಡೆಯ ಮೇಲೆ ಅಕ್ಷರ ಕಂಡ. ಅದು ಅಶೋಕನ ಶಾಸನ. ಅಲ್ಲಿವರೆಗೆ ಸಿಕ್ಕ ಶಾಸನಗಳಲ್ಲಿ ದೊರೆಯ ಬಿರುದು ಮಾತ್ರ ಇರ್ತಿತ್ತು, ಇಲ್ಲಿ ಅಶೋಕ ಅನ್ನೋ ಹೆಸರೇ ಇತ್ತು. ಎಚ್. ಕೃಷ್ಣಶಾಸ್ತ್ರಿ ಅದನ್ನ ಓದಿ ಬರೆದುಕೊಟ್ಟರು. 1915ರಲ್ಲೇ ಅದು ಯಜ್ದಾನಿಯವರ ಇಲಾಖೆಯ ಗ್ರಂಥಮಾಲೆಯ ಮೊದಲನೇ ಸಂಖ್ಯೆಯಾಗಿ ಅಚ್ಚಾಯ್ತು. ಸಿಕ್ಕಿದ್ದು ಆ ವರ್ಷ, ಜಗತ್ತಿನ ಕೈಗೆ ಬಂದದ್ದೂ ಅದೇ ವರ್ಷ. ನಮ್ಮಲ್ಲಿ ಒಂದು ಪ್ರಾಜೆಕ್ಟ್ ರಿಪೋರ್ಟು ಹೊರಗೆ ಬರೋಕೆ ಎಷ್ಟು ದಿನ ಹಿಡಿಯುತ್ತೆ ಅಂತ ಇದರ ಪಕ್ಕದಲ್ಲಿಟ್ಟು ನೋಡಿ.

ಅವರ ಹೆಸರು ದೊಡ್ಡದಾದದ್ದು ಅಜಂತಾದಿಂದ. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಜಂತಾದ ಚಿತ್ರಗಳನ್ನ ರಾಬರ್ಟ್ ಗಿಲ್ ಅನ್ನೋ ಸೈನ್ಯಾಧಿಕಾರಿ ವರ್ಷಗಟ್ಟಲೆ ಕೂತು ಕ್ಯಾನ್ವಾಸಿನ ಮೇಲೆ ನಕಲು ಮಾಡಿದ್ದ. ಅವು ಲಂಡನ್ನಿಗೆ ಹೋದವು, 1866ರಲ್ಲಿ ಕ್ರಿಸ್ಟಲ್ ಪ್ಯಾಲೇಸಿಗೆ ಬೆಂಕಿ ಬಿದ್ದಾಗ ಹೆಚ್ಚಿನವು ಸುಟ್ಟುಹೋದವು. ಆಮೇಲೆ ಮುಂಬೈ ಕಲಾಶಾಲೆಯ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳನ್ನ ಕಟ್ಟಿಕೊಂಡು ಎರಡನೇ ಸಲ ನಕಲು ಮಾಡಿಸಿದ. ಅವೂ ಲಂಡನ್ನಿಗೇ ಹೋದವು, 1885ರ ಬೆಂಕಿಯಲ್ಲಿ ಬಹಳಷ್ಟು ಬೂದಿಯಾದವು. ಯಜ್ದಾನಿ ಹುಟ್ಟಿದ ವರ್ಷವೂ ಅದೇ. ಅಪರೂಪದ ನಕಲು, ಇಟ್ಟದ್ದು ಒಂದೇ ಜಾಗ, ಬ್ಯಾಕಪ್ ಇಲ್ಲ.

ಯಜ್ದಾನಿ ಹಿಡಿದ ದಾರಿ ಬೇರೆ. 1920ರ ಹೊತ್ತಿಗೆ ಇಟಲಿಯಿಂದ ಇಬ್ಬರು ತಜ್ಞರನ್ನ ಕರೆಸಿ, ಗೋಡೆಯಿಂದ ಕಳಚಿ ಬೀಳ್ತಿದ್ದ ಚಿತ್ರಗಳನ್ನ ಗಟ್ಟಿ ಮಾಡಿಸಿದರು. ಅವರು ಹಚ್ಚಿದ ಅರಗಿನ ಲೇಪ ಮುಂದೆ ಹಳದಿಗಟ್ಟಿ ಬೇರೆ ತಲೆನೋವು ತಂತು, ಅದನ್ನ ಮುಚ್ಚಿಡಬೇಕಾಗಿಲ್ಲ. ಆದರೆ ಜೊತೆಜೊತೆಗೆ ಕೈನಕಲು ಬಿಟ್ಟು ಫೋಟೋ ಆಧಾರದ ಮೇಲೆ ಬಣ್ಣದ ಪ್ಲೇಟುಗಳನ್ನ ಮಾಡಿಸಿ, 1930ರಿಂದ 1955ರ ತನಕ ನಾಲ್ಕು ಭಾಗಗಳಲ್ಲಿ ಅಚ್ಚು ಹಾಕಿಸಿದರು. ಇಪ್ಪತ್ತೈದು ವರ್ಷದ ಕೆಲಸ. ಪ್ರತಿಗಳು ಬೇರೆ ಬೇರೆ ದೇಶದ ಲೈಬ್ರರಿ ಸೇರಿದವು. ಇನ್ನು ಒಂದು ಬೆಂಕಿಗೆ ಎಲ್ಲವೂ ಹೋಗುವ ಮಾತಿಲ್ಲ.

ಬೀದರಿನಲ್ಲಿ ಕೆಲಸ ಇಷ್ಟು ಮಿಂಚುವಂಥದ್ದಲ್ಲ, ಆದರೆ ನಮಗೆ ಬೇಕಾದ್ದು ಅದೇ. ಕೋಟೆಯೊಳಗಿನ ಅರಮನೆಗಳು ಮಣ್ಣು-ಕಲ್ಲಿನ ರಾಶಿಯಲ್ಲಿ ಮುಚ್ಚಿಹೋಗಿದ್ದವು. ಯಜ್ದಾನಿಯವರ ಇಲಾಖೆ ರಾಶಿ ತೆಗೆಸಿತು, ಬೀಳೋ ಗೋಡೆಗೆ ಆಸರೆ ಕೊಟ್ಟಿತು, ಒಂದೊಂದೇ ಕೋಣೆಯನ್ನ ಅಳೆಯಿತು. 1947ರಲ್ಲಿ ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಬಗ್ಗೆ ಅವರ ಇಂಗ್ಲಿಷ್ ಪುಸ್ತಕ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಿಂದ ಬಂತು. ಒಂದೊಂದು ಕಟ್ಟಡಕ್ಕೂ ಯಾರು ಕಟ್ಟಿಸಿದರು, ಶಾಸನ ಏನು ಹೇಳುತ್ತೆ, ಉದ್ದ-ಅಗಲ ಎಷ್ಟು ಅನ್ನೋ ವಿವರ ಅಡಿ-ಅಂಗುಲದಲ್ಲಿ, ಜೊತೆಗೆ ನಕ್ಷೆ, ಫೋಟೋ. ಮದರಸಾ 205 ಅಡಿಗೆ 180 ಅಡಿ, ಮಿನಾರು 131 ಅಡಿ.

ಈ 131 ಅಡಿಯನ್ನ ಹೆಡ್‌ಸೆಟ್ ಒಳಗೆ ತಗೊಂಡು ಹೋಗೋದನ್ನ ನೋಡೋಣ. ಕ್ಯಾಡ್‌ನಲ್ಲಿ ಸಾಮಾನ್ಯವಾಗಿ ಮಿಲಿಮೀಟರಿನಲ್ಲಿ ಬರೀತೀವಿ, ಮಿನಾರು 39,929 ಆಗುತ್ತೆ. ಅದನ್ನ ಒಬಿಜೆ ಫೈಲಾಗಿ ಹೊರಗೆ ತೆಗೆದ್ರೆ ಅದರಲ್ಲಿ ಸಂಖ್ಯೆ ಇರುತ್ತೆ, ಯೂನಿಟ್ ಇರಲ್ಲ. ಮೀಟರ್ ಅಂತ ತಿಳಿದುಕೊಳ್ಳುವ ವಿಆರ್ ಸಾಫ್ಟ್‌ವೇರು ಸುಮಾರು 40 ಕಿಲೋಮೀಟರ್ ಎತ್ತರದ ಮಿನಾರು ನಿಲ್ಲಿಸಿಬಿಡುತ್ತೆ. ಕ್ಯಾಡ್‌ನಲ್ಲಿ ಮೇಲ್ಮುಖ ಝಡ್ ಅಕ್ಷ, ವಿಆರ್ ಕಡೆ ಎಷ್ಟೋ ಸಾಫ್ಟ್‌ವೇರುಗಳಲ್ಲಿ ವೈ. ಅದನ್ನ ಸರಿ ಮಾಡದಿದ್ರೆ ಮದರಸಾ ಅಂಗಾತ ಮಲಗುತ್ತೆ. ಒಬಿಜೆಯಲ್ಲಿ ಹಂಚಿನ ಬಣ್ಣ ಬೇರೆ ಫೈಲು, ಚಿತ್ರ ಇನ್ನೊಂದು ಫೈಲು, ಒಂದು ತಪ್ಪಿಸಿಕೊಂಡ್ರೂ ಗೋಡೆ ಬೂದು. ಎಸ್‌ಟಿಎಲ್‌ನಲ್ಲಿ ಬರೀ ತ್ರಿಕೋನ. ಅದು ತ್ರೀಡಿ ಪ್ರಿಂಟರಿಗೆ ಸಾಕು, ಕಣ್ಣಿಗೆ ಸಾಲದು. ಎಫ್‌ಬಿಎಕ್ಸ್ ಎಲ್ಲ ಕಡೆ ನಡೆಯುತ್ತೆ, ಆದರೆ ಅದರ ಒಳರಚನೆಯನ್ನ ಅದರ ಒಡೆಯ ಕಂಪನಿ ಪೂರ್ತಿ ಬಿಚ್ಚಿಟ್ಟಿಲ್ಲ. ಡಿಡಬ್ಲ್ಯೂಜಿ ಕಥೆಯೂ ಅದೇ.

ಹಾಗಾಗಿ ಹೆಡ್‌ಸೆಟ್ಟಿಗೆ ನಾನು ಜಿಎಲ್‌ಟಿಎಫ್ ಅಂತೀನಿ. ಉದ್ದ ಅಂದ್ರೆ ಮೀಟರು, ಮೇಲೆ ಅಂದ್ರೆ ವೈ ಅಂತ ನಿಯಮದಲ್ಲೇ ಬರೆದಿದೆ. ಜಿಎಲ್‌ಬಿ ರೂಪದಲ್ಲಿ ಆಕಾರ, ಬಣ್ಣ, ಚಿತ್ರ ಒಂದೇ ಫೈಲಿನಲ್ಲಿ ಕೂರುತ್ತೆ. ನಿಯಮಾವಳಿ ಯಾರು ಬೇಕಾದ್ರೂ ಓದಬಹುದು, 2022ರಲ್ಲಿ ಐಎಸ್‌ಒ ಮಾನದಂಡವೂ ಆಯ್ತು. ಆದರೆ ಅದಕ್ಕೆ ಗೋಡೆ ಯಾವುದು, ಕಮಾನು ಯಾವುದು ಗೊತ್ತಿಲ್ಲ, ಎಲ್ಲವೂ ತ್ರಿಕೋನಗಳ ಜಾಲ. ಅದನ್ನ ತಿಳಿದಿರೋದು ಐಎಫ್‌ಸಿ. ಇದು ಗೋಡೆ, ಇದರ ದಪ್ಪ ಇಷ್ಟು, ಕಲ್ಲು ಇಂಥದ್ದು ಅಂತ ಅದು ಹೆಸರಿಟ್ಟು ಇಟ್ಟುಕೊಳ್ಳುತ್ತೆ. ಯಜ್ದಾನಿಯವರ ಪುಸ್ತಕ ಒಂದು ಲೆಕ್ಕದಲ್ಲಿ ಐಎಫ್‌ಸಿ ಥರಾನೇ: ಆಕಾರ ನಕ್ಷೆಯಲ್ಲಿ, ಅರ್ಥ ಪಕ್ಕದ ಬರಹದಲ್ಲಿ. ಐಎಫ್‌ಸಿಯನ್ನ ಮೂಲವಾಗಿ ಇಟ್ಟುಕೊಂಡು, ತೋರಿಸೋಕೆ ಮಾತ್ರ ಜಿಎಲ್‌ಟಿಎಫ್ ತೆಗೆಯೋದು ಒಳ್ಳೆಯ ಪದ್ಧತಿ.

ಯಜ್ದಾನಿ 1943ರಲ್ಲೇ ನಿವೃತ್ತರಾಗಿದ್ದರು. ಬೀದರ್ ಪುಸ್ತಕ ಹೊರಬಂದದ್ದು ಅದಾದ ನಾಲ್ಕು ವರ್ಷಕ್ಕೆ, ಸಂಸ್ಥಾನದ ಕೊನೆಯ ದಿನಗಳಲ್ಲಿ. ಮರುವರ್ಷ, 1948ರ ಮೇ ತಿಂಗಳಲ್ಲಿ, ಗೋರ್ಟಾ (ಬಿ)ಯಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಆ ಊರಿನ ಹುತಾತ್ಮ ಸ್ಮಾರಕ ಅದರ ನೆನಪಿಗೇ ಇರೋದು. ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗೀತು. 1956ರಲ್ಲಿ ಹೈದರಾಬಾದ್ ರಾಜ್ಯವೇ ಮೂರು ಭಾಷೆಗೆ ಹಂಚಿಹೋಯ್ತು: ಅಜಂತಾ ಒಂದು ಕಡೆ, ವಾರಂಗಲ್ ಇನ್ನೊಂದು ಕಡೆ, ಬೀದರ್ ಮೈಸೂರು ರಾಜ್ಯಕ್ಕೆ. ಅಳತೆ ಮಾಡಿಸಿದ ಸರ್ಕಾರ ಹೋಯ್ತು, ಇಲಾಖೆಯ ಗಡಿ ಹೋಯ್ತು, ಅಡಿ-ಅಂಗುಲದ ಲೆಕ್ಕವೂ ಹೋಗಿ ಮೀಟರು ಬಂತು. ಪುಸ್ತಕ ಇವತ್ತಿಗೂ ತೆರೆಯುತ್ತೆ. ಲೈಸೆನ್ಸ್ ಮುಗಿದಿದೆ ಅಂತ ಅದು ಹೇಳಲ್ಲ. ಸ್ಟೂಡೆಂಟ್ ಎಡಿಷನ್ನಿನಲ್ಲಿ ಮಾಡಿಟ್ಟ ನಮ್ಮ ಮಾಡೆಲ್ಲುಗಳ ಬಗ್ಗೆ ಹತ್ತು ವರ್ಷ ಬಿಟ್ಟು ಹೀಗೆ ಹೇಳೋಕಾಗುತ್ತಾ?

ಗಡಿಗಳು ಬದಲಾದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. 1959ರಲ್ಲಿ ಪದ್ಮಭೂಷಣ ಬಂತು. 1960ರಲ್ಲಿ ಅವರು ಸಂಪಾದಿಸಿದ ದಖ್ಖನಿನ ಪ್ರಾಚೀನ ಇತಿಹಾಸ ಪ್ರಕಟವಾಯ್ತು. ಕಲ್ಯಾಣದ ಚಾಲುಕ್ಯರೂ ಅದರಲ್ಲಿದ್ದಾರೆ. 1962ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು.

ಕ್ಲಬ್ಬಿನಲ್ಲಿ ಯಾರಾದ್ರೂ ಮದರಸಾ ಶುರು ಮಾಡೋದಾದ್ರೆ ಒಂದು ವಿನಂತಿ. ನಿಂತಿರೋ ಉತ್ತರದ ಭಾಗ ಒಂದು ಮೆಶ್ ಇರಲಿ, ಬಿದ್ದುಹೋದ ದಕ್ಷಿಣದ ಭಾಗ ಬೇರೆ ಮೆಶ್. ಜಿಎಲ್‌ಟಿಎಫ್‌ನಲ್ಲಿ ಪ್ರತಿ ಭಾಗಕ್ಕೂ ಹೆಸರಿಡಬಹುದು, ಹೆಚ್ಚುವರಿ ಮಾಹಿತಿ ಸೇರಿಸೋಕೂ ಜಾಗ ಇದೆ. ಮೊದಲನೇದಕ್ಕೆ ಅಳತೆ ಅಂತ ಬರೀರಿ, ಎರಡನೇದಕ್ಕೆ ಊಹೆ ಅಂತ.