ಮೇಷ್ಟರ ಕೆಲಸಕ್ಕಾಗಿ ಅಲೆದ ಐನ್‌ಸ್ಟೀನ್

ಐನ್‌ಸ್ಟೀನ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೆದರಿದ ಬಿಳಿ ಕೂದಲಿನ ಮುದುಕ. ಆದರೆ ಹೆಚ್ಚುಕಡಿಮೆ ನಮ್ಮ ವಯಸ್ಸಿನಲ್ಲಿ ಆತನೂ ಕೈಯಲ್ಲೊಂದು ಸರ್ಟಿಫಿಕೇಟ್ ಹಿಡಿದು, ಊರೂರಿಗೆ ಅರ್ಜಿ ಹಾಕಿ, ಟಪಾಲಿನ ದಾರಿ ಕಾದವನೇ.

ಆಲ್ಬರ್ಟ್ ಹುಟ್ಟಿದ್ದು 1879ರ ಮಾರ್ಚ್ 14ರಂದು, ಜರ್ಮನಿಯ ಉಲ್ಮ್ ಊರಿನಲ್ಲಿ. 1896ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಾಲಿಟೆಕ್ನಿಕ್ ಸೇರಿದ. ಆತ ಸೇರಿದ ವಿಭಾಗ ಗಣಿತ, ಭೌತಶಾಸ್ತ್ರದ ಮೇಷ್ಟರನ್ನು ತಯಾರು ಮಾಡುವಂಥದ್ದು. ಕ್ಲಾಸಿಗೆ ಚಕ್ಕರ್ ಹೊಡೆದು, ಗೆಳೆಯ ಮಾರ್ಸೆಲ್ ಗ್ರಾಸ್‌ಮನ್‌ನ ನೋಟ್ಸು ಓದಿ, 1900ರ ಜುಲೈಯಲ್ಲಿ ಡಿಪ್ಲೊಮಾ ಗಿಟ್ಟಿಸಿದ. ಸರಾಸರಿ 6ಕ್ಕೆ 4.91. ಮದುವೆಯಾಗಬೇಕೆಂದುಕೊಂಡಿದ್ದ ಸಹಪಾಠಿ ಮಿಲೆವಾ ಮಾರಿಚ್ ನಪಾಸಾದಳು. ಜೊತೆಗೆ ಪಾಸಾದ ಮೂವರಿಗೂ ಅಲ್ಲೇ ಅಸಿಸ್ಟೆಂಟ್ ಕೆಲಸ ಸಿಕ್ಕಿತು. ಇವನೊಬ್ಬನಿಗೆ ಸಿಗಲಿಲ್ಲ.

ಡಾಕ್ಟರೇಟ್ ಮಾಡಬೇಕೆಂಬ ಆಸೆಯಿತ್ತು. ಆದರೆ ಹೊಟ್ಟೆಪಾಡೂ ನಡೀಬೇಕಲ್ಲ! 1901ರಲ್ಲಿ ಲೈಪ್‌ಸಿಗ್‌ನ ಓಸ್ಟ್‌ವಾಲ್ಡ್, ಲೈಡನ್‌ನ ಕಮರ್ಲಿಂಗ್ ಓನ್ನೆಸ್ ಮುಂತಾದ ಪ್ರೊಫೆಸರರಿಗೆಲ್ಲ ಅಸಿಸ್ಟೆಂಟ್ ಕೆಲಸ ಕೇಳಿ ಬರೆದ. ಜವಾಬಿ ಕಾರ್ಡನ್ನೂ ಜೊತೆಗಿಟ್ಟು ಕಳಿಸಿದ್ದುಂಟು. ಕೆಲಸವಂತೂ ಯಾರೂ ಕೊಡಲಿಲ್ಲ. ಆಗ ತಂದೆ ಹರ್ಮನ್ ಮಾಡಿದ್ದನ್ನು ಓದಿದರೆ ಕರುಳು ಚುರ್ ಅನ್ನುತ್ತೆ. ಅವರು ವ್ಯಾಪಾರದಲ್ಲಿ ಸೋತವರು. ಏಪ್ರಿಲ್‌ನಲ್ಲಿ, ಮಗನಿಗೆ ತಿಳಿಯದ ಹಾಗೆ, ಓಸ್ಟ್‌ವಾಲ್ಡ್‌ಗೆ ತಾವೇ ಕಾಗದ ಬರೆದರು. ಹುಡುಗ ಕುಗ್ಗಿಹೋಗಿದ್ದಾನೆ, ಕೆಲಸ ಕೊಡಲಾಗದಿದ್ದರೂ ಎರಡು ಒಳ್ಳೇ ಮಾತಾದರೂ ಬರೆಯಿರಿ ಎಂಬುದು ಅದರ ಸಾರಾಂಶ.

ಅದೇ ಮೇ ತಿಂಗಳಲ್ಲಿ ವಿಂಟರ್‌ಥೂರ್‌ನಲ್ಲಿ ಎರಡು ತಿಂಗಳ ಬದಲಿ ಮೇಷ್ಟರ ಕೆಲಸ ಸಿಕ್ಕಿತು. ಆಮೇಲೆ ಶಾಫ್‌ಹೌಸನ್‌ನಲ್ಲಿ ಮನೆಪಾಠ. ಪಾಲಿಟೆಕ್ನಿಕ್ಕಿಗೆ ಆಗ ಡಾಕ್ಟರೇಟ್ ಕೊಡುವ ಅಧಿಕಾರ ಇರಲಿಲ್ಲವಾದ್ದರಿಂದ, ಪಾಠ ಹೇಳುತ್ತಲೇ ಪ್ರಬಂಧ ಬರೆದು ನವೆಂಬರಿನಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯಕ್ಕೆ ಕೊಟ್ಟ. 1902ರ ಆರಂಭದಲ್ಲಿ ಅದನ್ನು ವಾಪಸು ಪಡೆದ. ಕಟ್ಟಿದ್ದ 230 ಫ್ರಾಂಕ್ ಫೀಸು ಹಿಂದಕ್ಕೆ ಬಂತು, ಪದವಿ ಬರಲಿಲ್ಲ.

ಬರ್ನ್ ನಗರಕ್ಕೆ ಹೋಗಿ, ಗಣಿತ ಮತ್ತು ಭೌತಶಾಸ್ತ್ರದ ಪಾಠ ಹೇಳುವುದಾಗಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಮೊದಲ ಪಾಠ ಪುಕ್ಕಟೆ! ಕೊನೆಗೆ ಗ್ರಾಸ್‌ಮನ್‌ನ ತಂದೆಯ ಶಿಫಾರಸಿನ ಸಹಾಯದಿಂದ 1902ರ ಜೂನ್‌ನಲ್ಲಿ ಪೇಟೆಂಟ್ ಕಚೇರಿ ಸೇರಿದ. ಮೂರನೇ ದರ್ಜೆಯ ಹುದ್ದೆ, ವರ್ಷಕ್ಕೆ 3500 ಫ್ರಾಂಕ್ ಸಂಬಳ. ಅಕ್ಟೋಬರಿನಲ್ಲಿ ತಂದೆ ತೀರಿಕೊಂಡರು.

ಆಫೀಸಿನ ಕೆಲಸದ ಜೊತೆಗೇ 1905ರಲ್ಲಿ ಆತ ಅಣುಗಳ ಗಾತ್ರದ ಮೇಲೆ ಹೊಸ ಪ್ರಬಂಧ ಬರೆದ. ಅದೇ ವಿಶ್ವವಿದ್ಯಾಲಯ ಈ ಸಲ ಒಪ್ಪಿತು. ಸಾಪೇಕ್ಷತಾ ಸಿದ್ಧಾಂತ ಬಂದದ್ದೂ ಅದೇ ವರ್ಷ. 1909ರಲ್ಲಿ ಆ ವಿಶ್ವವಿದ್ಯಾಲಯವೇ ಅವನನ್ನು ಪ್ರೊಫೆಸರ್ ಮಾಡಿಕೊಂಡಿತು.

1910ರಲ್ಲಿ ಐನ್‌ಸ್ಟೀನ್ ಹೆಸರನ್ನು ನೊಬೆಲ್ ಬಹುಮಾನಕ್ಕೆ ಮೊಟ್ಟಮೊದಲು ಸೂಚಿಸಿದವರು ಅದೇ ಓಸ್ಟ್‌ವಾಲ್ಡ್. ಒಂದು ಒಳ್ಳೇ ಮಾತಿಗಾಗಿ ಅವರನ್ನು ಬೇಡಿಕೊಂಡಿದ್ದ ತಂದೆ ಅದನ್ನು ಕೇಳಲು ಇರಲಿಲ್ಲ.